ಬ್ಯಾಗ್‌ಪೈಪ್ ಬಗ್ಗಲ್ಲ, ಪಿಟೀಲು ಹತ್ತಿರ ಬರಲಿ

ಬ್ಯಾಗ್‌ಪೈಪ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಜನವರಿ 29ರ ಬೀಟಿಂಗ್ ರಿಟ್ರೀಟ್. ಅಷ್ಟೇ ಗೊತ್ತಿದ್ದ ನಮಗೆ ಈ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ರೂಮಲ್ಲಿ ಕೂತು ಆರ್ಕೆಸ್ಟ್ರಾ ಜೊತೆ ಬ್ಯಾಗ್‌ಪೈಪ್ ಕೇಳೋ ಹುಚ್ಚು ಹತ್ತಿತು. ಕೇಳಿದ ಮೇಲೆ ಜಗಳವೂ ಶುರುವಾಯ್ತು. ಒಬ್ಬರು, "ಇದು ಬಯಲಲ್ಲಿ ನುಡಿಸೋ ವಾದ್ಯ, ಹಾಲ್ ಒಳಗೆ ಯಾಕೆ?" ಅಂದ್ರು. ಇನ್ನೊಬ್ಬರು, "ಪಿಟೀಲಿಗೆ ಮೈಕ್ ಕೊಟ್ರೆ ಎಲ್ಲಾ ಸರಿಹೋಗತ್ತೆ" ಅಂದ್ರು. ಎರಡೂ ತಪ್ಪು ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ಆ ವಾದ್ಯದ ಕಷ್ಟ ಏನು ಅಂತ ನೋಡೋಣ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಬ್ಯಾಗ್‌ಪೈಪ್‌ನಲ್ಲಿ ರಾಗ ನುಡಿಸುವ ಕೊಳವೆಗೆ ಚಾಂಟರ್ ಅಂತಾರೆ. ಅದರಲ್ಲಿ ಸಿಗೋದು ಒಂಬತ್ತೇ ಸ್ವರ. ಜೊತೆಗೆ ಮೂರು ಡ್ರೋನ್ ಕೊಳವೆಗಳು, ನಮ್ಮ ಶ್ರುತಿಪೆಟ್ಟಿಗೆ ಥರ ಒಂದೇ ಸ್ವರ ಹಿಡಿದಿರುತ್ತವೆ. ಚೀಲದಿಂದ ಗಾಳಿ ಬರ್ತಾನೇ ಇರುವುದರಿಂದ ನಡುವೆ ನಿಲ್ಲಿಸೋಕಾಗಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ಮಧ್ಯೆ ಚಿಟಿಕೆಯಷ್ಟು ಬೇರೆ ಸ್ವರ ಹಾಕಿ ಬಿಡಿಸಬೇಕು. ಜೋರು, ಮೆಲ್ಲಗೆ ಅನ್ನೋದೂ ಇಲ್ಲ. ಪಿಟೀಲಿನ ಅರ್ಧ ಜೀವ ಇರೋದೇ ಆ ಏರಿಳಿತದಲ್ಲಿ.

ಇನ್ನು ಶ್ರುತಿ. ಪೈಪರ್‌ಗಳು 'ಎ' ಅನ್ನುವ ಸ್ವರ ಇವತ್ತು ಸುಮಾರು 475 ಹರ್ಟ್ಸ್‌ನಲ್ಲಿ ಕೇಳಿಸುತ್ತೆ. ಆರ್ಕೆಸ್ಟ್ರಾದಲ್ಲಿ ಅದಕ್ಕೆ ಹತ್ತಿರದ ಸ್ವರ ಬಿ ಫ್ಲ್ಯಾಟ್, 466 ಹರ್ಟ್ಸ್. ಪಿಯುಸಿ ಫಿಸಿಕ್ಸ್‌ನ ಬೀಟ್ಸ್ ನೆನಪಿದೆಯಾ? ಸೆಕೆಂಡಿಗೆ ಒಂಬತ್ತು ಬೀಟ್! ಮೈಕ್ ಹಾಕಿ ಪಿಟೀಲಿನ ಸದ್ದು ಏರಿಸಿದರೆ ಈ ಕಿತ್ತಾಟವೂ ಜೋರಾಗುತ್ತೆ, ಅಷ್ಟೇ.

ಹಾಗಾದರೆ ಯಾರು ಬದಲಾಗಬೇಕು? 466ಕ್ಕೇ ಮಾಡಿದ ಚಾಂಟರ್‌ಗಳೂ ಸಿಗುತ್ತವೆ, ನಿಜ. ಆದರೆ ಅದು ಅರ್ಧ ಉತ್ತರ. ಬ್ಯಾಗ್‌ಪೈಪ್‌ನ ಸ್ವರಗಳು ಡ್ರೋನ್‌ಗೆ ಹೊಂದಿಕೊಂಡು ಕೂತಿರುತ್ತವೆ, ಪಿಯಾನೋ ಥರ ಸಮವಾಗಿ ಹಂಚಿದ್ದಲ್ಲ. ಪಿಯಾನೋ ಅದಕ್ಕೆ ಜಾಗ ಬಿಟ್ಟುಕೊಡಲಾರದು. ಪಿಟೀಲು, ವಯೋಲಾ, ಚೆಲ್ಲೋಗಳಲ್ಲಿ ಮೆಟ್ಟಿಲೇ ಇಲ್ಲ, ಬೆರಳು ಕೂದಲೆಳೆಯಷ್ಟು ಸರಿದರೂ ಸಾಕು. ಬಗ್ಗಲಾಗದವರ ಹತ್ತಿರ ಬಗ್ಗಬಲ್ಲವರು ಬರಬೇಕು. ಅದಕ್ಕೇ ಬ್ಯಾಗ್‌ಪೈಪ್‌ಗೆ ತಂತಿವಾದ್ಯಗಳೇ ಸರಿಯಾದ ಜೋಡಿ ಅಂತ ನಾವು ಹೇಳೋದು.

ಬರೆಯುವವರಿಗೂ ತಾಳ್ಮೆ ಬೇಕು. ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ 1985ರಲ್ಲಿ ಬಾಸ್ಟನ್ ಪಾಪ್ಸ್ ಆರ್ಕೆಸ್ಟ್ರಾಗಾಗಿ ಬರೆದ 'ಆನ್ ಆರ್ಕ್ನಿ ವೆಡ್ಡಿಂಗ್, ವಿತ್ ಸನ್‌ರೈಸ್' ಕೇಳಿ. ಅದು ತಂತಿವಾದ್ಯ ಮಾತ್ರ ಅಲ್ಲ, ಪೂರ್ತಿ ಆರ್ಕೆಸ್ಟ್ರಾ. ಮದುವೆಯ ಗದ್ದಲ, ಕುಡಿತ, ಕುಣಿತ ಎಲ್ಲ ಮುಗಿಯುವ ತನಕ ಪೈಪರ್ ಬರೋದೇ ಇಲ್ಲ. ಕೊನೆಗೆ ಸೂರ್ಯೋದಯದ ಹೊತ್ತಿಗೆ ಸಭಾಂಗಣದ ಹಿಂದಿನಿಂದ ನುಡಿಸುತ್ತಾ ನಡೆದು ಬರುತ್ತಾರೆ. ಮೆಲ್ಲಗೆ ನುಡಿಸಲಾಗದ ವಾದ್ಯ ದೂರದಿಂದ ಹತ್ತಿರ ಬರುತ್ತಾ ತಾನಾಗಿ ಜೋರಾಗುತ್ತೆ. ಅದರ ಮಿತಿಯನ್ನೇ ಅವರು ಕೆಲಸಕ್ಕೆ ಹಚ್ಚಿದ್ದಾರೆ.

ಇಷ್ಟು ಯಾಕೆ ಹೇಳ್ತಿದ್ದೀವಿ ಅಂದ್ರೆ, ಕಳೆದ ಫೆಸ್ಟ್‌ನಲ್ಲಿ ನಾವು ಇದರ ಉಲ್ಟಾ ಮಾಡಿದ್ದೆವು. ಫ್ಯೂಷನ್ ಅಂತ ಒಬ್ಬ ಹಿರಿಯ ನಾದಸ್ವರ ವಾದಕರನ್ನು ಕರೆಸಿ, ಕೀಬೋರ್ಡ್‌ಗೆ ಶ್ರುತಿ ಹೊಂದಿಸಿಕೊಳ್ಳಿ ಅಂದೆವು. "ನನ್ನ ವಾದ್ಯದ ಶ್ರುತಿ ಇದೇ ತಮ್ಮಾ. ನಿಮ್ಮ ಪೆಟ್ಟಿಗೇಲಿ ಬಟನ್ ಇರುತ್ತಲ್ಲ, ನೋಡಿ" ಅಂದರು. ಬಟನ್ ಇತ್ತು. ನಾವು ಹುಡುಕಲಿಲ್ಲ. ಅವರ ಮೈಕ್ ಇಳಿಸಿದೆವು. ಚಪ್ಪಾಳೆ ಬಿತ್ತು, ಅವರು ಮಾತ್ರ ಊಟಕ್ಕೂ ನಿಲ್ಲದೆ ಹೊರಟುಹೋದರು.

ಈ ಸಲದ ಫೆಸ್ಟ್‌ಗೂ ಫ್ಯೂಷನ್ ಲಿಸ್ಟ್‌ನಲ್ಲಿದೆ. ಅವರನ್ನೇ ಮತ್ತೆ ಕರೆಯೋಣ ಅನ್ನೋದು ನಮ್ಮ ಒತ್ತಾಯ. ಮೊದಲ ರಿಹರ್ಸಲ್‌ನಲ್ಲಿ ಅವರು ಶ್ರುತಿ ಹಿಡಿಯಲಿ, ಉಳಿದವರು ಅದಕ್ಕೆ ಸೇರಿಕೊಳ್ಳೋಣ. ಬರ್ತಾರೋ ಇಲ್ವೋ ಗೊತ್ತಿಲ್ಲ. ಕರೆಯೋಕೆ ಹೋಗುವಾಗ ಕ್ಷಮೆಯನ್ನಂತೂ ಕೇಳಿ ಬರಬೇಕು.