ಸೂರ್ಯನ ಮೇಲೆ ಹೊರಿಸಿದ ಅಪವಾದ

ಇಂಗ್ಲೆಂಡು, ಜರ್ಮನಿಗಳಂಥ ಮೋಡ ಕವಿದ ನಾಡುಗಳಲ್ಲಿ ಭಂಗಿ ಗಿಡವನ್ನು ಬಯಲಿನಲ್ಲಿ ಬೆಳೆಯಲಾಗದು, ಅಲ್ಲಿ ಬಿಸಿಲು ಸಾಲದು, ಆದ್ದರಿಂದಲೇ ಮುಚ್ಚಿದ ಕೋಣೆಗಳಲ್ಲಿ ವಿದ್ಯುದ್ದೀಪಗಳ ಕೆಳಗೆ ಬೆಳೆಯುತ್ತಾರೆ ಎಂಬ ಮಾತನ್ನು ವಿದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳ ಬಾಯಿಂದ ಹಲವು ಬಾರಿ ಕೇಳಿದ್ದೇನೆ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ಮಾತನ್ನು ಕೇಳಿ ಸುಮ್ಮನಿರಲು ಮನಸ್ಸು ಬಾರದು. ಇದು ಅರ್ಧಸತ್ಯ, ಅರ್ಧಸತ್ಯವು ಪೂರ್ಣ ಸುಳ್ಳಿಗಿಂತ ಹೆಚ್ಚು ಕಾಲ ಬದುಕುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಮಾದಕ ವಸ್ತುವಿನ ಪರವಾಗಿ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ. ನಶೆಯಿಂದ ಹಾಳಾದ ಮನೆಗಳಿಂದ ಬಂದ ಮಕ್ಕಳಿಗೆ ಪಾಠ ಹೇಳಿದವನು ನಾನು. ನನ್ನ ತಕರಾರಿರುವುದು ಮನುಷ್ಯ ಮಾಡಿದ ಕಟ್ಟಳೆಯ ತಪ್ಪನ್ನು ಆಕಾಶದ ಮೇಲೆ ಹೊರಿಸುವ ಜಾಣತನದ ಬಗ್ಗೆ.

ಇತಿಹಾಸವನ್ನು ನೋಡೋಣ. 1533ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಒಂದು ಶಾಸನವಾಯಿತು: 60 ಎಕರೆ ಉಳುವ ಭೂಮಿಯುಳ್ಳ ರೈತನು ಕಾಲು ಎಕರೆಯಲ್ಲಿ ಅಗಸೆಯನ್ನೋ ನಾರಿನ ಭಂಗಿಯನ್ನೋ ಬೆಳೆಯಲೇಬೇಕು. ಹಡಗುಗಳ ಹಗ್ಗಕ್ಕೂ ಬಲೆಗಳಿಗೂ ನಾರು ಬೇಕಾಗಿತ್ತು. ನಾವು ಇಂದಿಗೂ ಬಳಸುವ 'ಕ್ಯಾನ್ವಾಸ್' ಎಂಬ ಪದದ ಮೂಲದಲ್ಲಿರುವುದು ಈ ಗಿಡದ ಹೆಸರೇ. ರಷ್ಯಾದಿಂದ ರೀಗಾ, ಸೇಂಟ್ ಪೀಟರ್ಸ್‌ಬರ್ಗ್ ಬಂದರುಗಳ ಮೂಲಕ ಇದೇ ನಾರು ಬ್ರಿಟನ್ನಿನ ನೌಕಾಪಡೆಗೆ ಹೋಗುತ್ತಿತ್ತು. ಇವೆಲ್ಲ ಬಿಸಿಲಿಗೆ ಹೆಸರಾದ ಊರುಗಳೇ? ದೀಪವಿಲ್ಲದ ಆ ಕಾಲದಲ್ಲಿ ಅಲ್ಲಿ ಗಿಡ ಬೆಳೆದದ್ದು ಹೇಗೆ?

ಉತ್ತರ ವಿಜ್ಞಾನದಲ್ಲಿದೆ. ಜೂಲಿಯನ್ ತುರ್ನ್ವಾ ಎಂಬ ಫ್ರೆಂಚ್ ಸಸ್ಯವಿಜ್ಞಾನಿ 1912ರ ಆಸುಪಾಸಿನಲ್ಲಿ ಇದೇ ಗಿಡವನ್ನು ಪರೀಕ್ಷಿಸಿ, ಹಗಲು ಚಿಕ್ಕದಾದಾಗ ಅದು ಬೇಗ ಹೂ ಬಿಡುತ್ತದೆಂದು ಕಂಡುಕೊಂಡ. 1914ರಲ್ಲಿ ಮಹಾಯುದ್ಧ ಅವನನ್ನು ಬಲಿ ತೆಗೆದುಕೊಂಡಿತು. ಹಗಲಿನ ಅವಧಿಗೂ ಹೂವಿಗೂ ಇರುವ ನಂಟನ್ನು ವ್ಯಾಪಕವಾಗಿ ಸ್ಥಾಪಿಸಿದ ಕೀರ್ತಿ 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲರ್ಡ್ ಅವರಿಗೆ ಸಂದಿತು. ಲಂಡನ್ನಿನಲ್ಲಿ ಜೂನ್ ತಿಂಗಳ ದೀರ್ಘತಮ ಹಗಲು ಹದಿನಾರೂವರೆ ಗಂಟೆ ಮೀರುತ್ತದೆ. ನಮ್ಮ ಬೆಂಗಳೂರಿನಲ್ಲಿ ಅದು 13 ಗಂಟೆಯನ್ನೂ ತುಂಬುವುದಿಲ್ಲ. ಬಿಸಿಲು ಮಂದವಾದರೂ ಹಗಲು ದೀರ್ಘವಾದ ಆ ನಾಡುಗಳಲ್ಲಿ ಗಿಡ ಹೂವಿನ ಗೋಜಿಗೆ ಹೋಗದೆ ಎತ್ತರಕ್ಕೆ ಬೆಳೆಯುತ್ತದೆ. ನಾರಿಗೆ ಬೇಕಾದುದು ಅದೇ.

ಎದುರುವಾದಿಗಳ ಮಾತಿನಲ್ಲಿರುವ ಸತ್ಯಾಂಶವನ್ನೂ ಒಪ್ಪಿಕೊಳ್ಳೋಣ. ಹೂವಿಗಾಗಿ ಬೆಳೆಯುವವರಿಗೆ ಅಲ್ಲಿ ತೊಂದರೆಯಿದೆ. ಹಗಲು ಕುಗ್ಗಿ ಹೂ ಬಿಡುವಷ್ಟರಲ್ಲಿ ಶರತ್ಕಾಲದ ಮಳೆಯೂ ಚಳಿಯೂ ಬಂದು, ಮಾಗುವ ಮೊದಲೇ ಹೂವಿಗೆ ಬೂಷ್ಟು ಹಿಡಿಯುತ್ತದೆ. ಆದರೆ ಪ್ರಕೃತಿಯೇ ಇದಕ್ಕೆ ದಾರಿ ಹುಡುಕಿಕೊಂಡಿದೆ. 1924ರಲ್ಲಿ ರಷ್ಯಾದ ಯಾನಿಶೆವ್‌ಸ್ಕಿ ವರ್ಣಿಸಿದ ರುಡೆರಾಲಿಸ್ ಎಂಬ ಕಾಡುಬಗೆ ಹಗಲಿನ ಲೆಕ್ಕವನ್ನೇ ಇಡದೆ ವಯಸ್ಸಿಗೆ ಬಂದೊಡನೆ ಹೂ ಬಿಡುತ್ತದೆ. ಫಿನ್ಲೆಂಡಿನವರು ಬೀಜದ ಎಣ್ಣೆಗಾಗಿ ರೂಪಿಸಿದ 'ಫಿನೋಲಾ' ಎಂಬ ಗಿಡ್ಡ ತಳಿ ಉತ್ತರದ ಅಲ್ಪ ಬೇಸಗೆಯಲ್ಲೇ ಬೀಜ ಕಟ್ಟುತ್ತದೆ. ನಾಡಿಗೆ ತಕ್ಕ ಬೀಜವಿದ್ದರೆ ಬಯಲೇ ಸಾಕು.

ಹಾಗಿದ್ದರೆ ಗಿಡ ಕೋಣೆ ಸೇರಿದ್ದೇಕೆ? ಬ್ರಿಟನ್ನಿನಲ್ಲಿ 1928ರಿಂದ ಇದು ನಿಯಂತ್ರಿತ ವಸ್ತುವಾಯಿತು. 1971ರ ಕಾಯಿದೆ ಹಿಡಿತವನ್ನು ಬಿಗಿಗೊಳಿಸಿತು. ಆಳೆತ್ತರ ಬೆಳೆದು ವಾಸನೆ ಬೀರುವ ಗಿಡವನ್ನು ಬಯಲಿನಲ್ಲಿ ಬಚ್ಚಿಡಲಾಗದು. ಅದು ಮನೆಯೊಳಗೆ ಹೋದದ್ದು ಸೂರ್ಯನಿಗೆ ಅಂಜಿ ಅಲ್ಲ, ಪೊಲೀಸರಿಗೆ ಅಂಜಿ. ಈ ಮಾತಿಗೆ ಸಾಕ್ಷಿ ಬೇಕೆ? ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬಿಸಿಲಿಗೆ ಬರವಿಲ್ಲ. 2014ರಿಂದ ಅಲ್ಲಿ ಕಾನೂನುಬದ್ಧ ಮಾರಾಟವೂ ಇದೆ. ಆದರೂ ಕೋಣೆಯ ಬೆಳೆ ಅಲ್ಲಿ ಧಾರಾಳವಾಗಿ ನಡೆಯುತ್ತದೆ. ನಿಷೇಧದ ಕಾಲದಲ್ಲಿ ಕಲಿತ ಚಾಳಿ ಅನುಮತಿ ಸಿಕ್ಕ ಮೇಲೆ ಲಾಭದ ಚಾಳಿಯಾಯಿತು: ವರ್ಷಕ್ಕೆ ಹಲವು ಕೊಯ್ಲು, ಒಂದೇ ಅಚ್ಚಿನ ಸರಕು.

ಈ ಚಾಳಿಯ ಬೆಲೆ ಎಷ್ಟೆಂಬುದನ್ನು ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಲೆಕ್ಕ ಹಾಕಿದರು. ಕೋಣೆಯಲ್ಲಿ ಬೆಳೆದ ಒಂದು ಕಿಲೋ ಒಣಹೂವಿಗೆ, ಊರಿನ ಹವೆಗೆ ತಕ್ಕಂತೆ, 2,283ರಿಂದ 5,184 ಕಿಲೋದಷ್ಟು ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ವಾತಾವರಣ ಸೇರುತ್ತದಂತೆ. ದೀಪದ ಜೊತೆಗೆ ಗಾಳಿಯನ್ನು ಕಾಯಿಸುವುದು, ತಣಿಸುವುದು, ತೇವ ಹೀರುವುದು ಎಲ್ಲಕ್ಕೂ ಶಕ್ತಿ ಬೇಕು. ಪುಕ್ಕಟೆಯಾಗಿ ಸುರಿಯುವ ಬೆಳಕಿಗೆ ಬಾಗಿಲು ಹಾಕಿ, ಕಲ್ಲಿದ್ದಲನ್ನೂ ಅನಿಲವನ್ನೂ ಸುಟ್ಟು ಹುಸಿ ಸೂರ್ಯನನ್ನು ಮಾಡುವುದನ್ನು ಪ್ರಗತಿ ಎನ್ನಬೇಕೆ?

ಇದಕ್ಕಿಂತ ಘೋರವಾದ ಬೆಲೆಯೊಂದಿದೆ. ಬ್ರಿಟನ್ನಿನಲ್ಲಿ ಬಾಡಿಗೆ ಮನೆಗಳ ಕಿಟಕಿ ಮುಚ್ಚಿ ನಡೆಸುವ ಕಳ್ಳಬೆಳೆಗೆ ವಿಯೆಟ್ನಾಮಿನಿಂದ ಸಾಗಿಸಿ ತಂದ ಹುಡುಗರನ್ನು ಕೂಡಿಹಾಕಿ ದುಡಿಸಿದ್ದುಂಟು. ಹೀಗೆ ಸಿಕ್ಕಿಬಿದ್ದು ಶಿಕ್ಷೆಗೊಳಗಾದ ಕೆಲವು ಬಾಲಕರ ಶಿಕ್ಷೆಯನ್ನು, ಅವರು ಮಾನವ ಸಾಗಣೆಗೆ ಬಲಿಯಾದವರೆಂದು ಮನಗಂಡು, ಅಲ್ಲಿನ ಮೇಲ್ಮನವಿ ನ್ಯಾಯಾಲಯ 2013ರಲ್ಲಿ ರದ್ದುಪಡಿಸಿತು. ಶಾಲೆಯಲ್ಲಿರಬೇಕಾದ ವಯಸ್ಸಿನ ಮಕ್ಕಳು ಹಗಲು ರಾತ್ರಿಯ ಭೇದವಿಲ್ಲದ ಕೋಣೆಯಲ್ಲಿ ಗಿಡ ಕಾಯುವುದೆಂದರೇನು? ಬಯಲಿನಲ್ಲಿ ನಡೆಯುವ ಬೇಸಾಯವನ್ನು ಹತ್ತು ಜನ ನೋಡುತ್ತಾರೆ; ಮುಚ್ಚಿದ ಬಾಗಿಲ ಹಿಂದೆ ನಡೆಯುವುದನ್ನು ನೋಡುವವರಾರು?

ಇದೆಲ್ಲ ನಮಗೇಕೆ ಎನ್ನುವಿರಾದರೆ, ಉತ್ತರಾಖಂಡವನ್ನು ನೋಡಿ. ಅಲ್ಲಿಯ ಗುಡ್ಡಗಾಡಿನ ಜನ ಭಂಗಿಯ ಬೀಜದ ಚಟ್ನಿ ಅರೆಯುತ್ತಾರೆ, ನಾರಿನಿಂದ ಹಗ್ಗ ಹೊಸೆಯುತ್ತಾರೆ. 1985ರ ಮಾದಕ ವಸ್ತುಗಳ ಕಾಯಿದೆಯ 14ನೆಯ ಕಲಮು ನಾರು, ಬೀಜಗಳಿಗಾಗಿ ಬೆಳೆಯಲು ಸರ್ಕಾರ ಅನುಮತಿ ನೀಡಬಹುದೆನ್ನುತ್ತದೆ. ಅದರ ಬಲದಿಂದ 2018ರಲ್ಲಿ ಆ ರಾಜ್ಯ ಪರವಾನಗಿ ನೀಡತೊಡಗಿತು. ಆದರೆ ಷರತ್ತೊಂದಿದೆ: ಗಿಡದಲ್ಲಿ ಅಮಲಿನ ಅಂಶವಾದ ಟಿಎಚ್‌ಸಿ ಶೇಕಡಾ 0.3ನ್ನು ಮೀರಕೂಡದು. ಈ ಅಂಕಿ ಬಂದದ್ದೆಲ್ಲಿಂದ? ಕೆನಡಾದ ಅರ್ನೆಸ್ಟ್ ಸ್ಮಾಲ್ ಎಂಬ ಸಸ್ಯವಿಜ್ಞಾನಿ ಒಟ್ಟಾವದಲ್ಲಿ ಬೆಳೆಸಿದ ಗಿಡಗಳನ್ನು ಅಳೆದು, ವರ್ಗೀಕರಣದ ಅನುಕೂಲಕ್ಕಾಗಿ 1976ರಲ್ಲಿ ಎಳೆದ ಗೆರೆ ಅದು. ತಮ್ಮ ಗೆರೆ ಒಂದು ಸ್ವೇಚ್ಛೆಯ ಆಯ್ಕೆಯೆಂದು ಅವರೇ ಹೇಳಿದ್ದರು. ಆ ಗೆರೆ ಹಿಮಾಲಯದ ನಾಟಿ ತಳಿಗೆ ಶಾಸನವಾಗಿ ಬಂದು ಕುಳಿತಿದೆ. ತಲೆಮಾರುಗಳಿಂದ ಉಳಿಸಿಕೊಂಡು ಬಂದ ಬೀಜ ಆ ಗೆರೆ ದಾಟಿದರೆ ರೈತನ ಕೈಯಲ್ಲಿ ಅಪರಾಧವಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ!

ನನ್ನ ವಾದವಿಷ್ಟೆ. ಮೋಡದ ನಾಡಿಗೆ ಮೋಡಕ್ಕೊಗ್ಗುವ ಬೀಜ, ಗುಡ್ಡದ ನಾಡಿಗೆ ಗುಡ್ಡದ ಬೀಜ. ಆಯಾ ಆಕಾಶಕ್ಕೆ ಆಯಾ ಕಟ್ಟಳೆ. ಔಷಧಕ್ಕಾಗಿ ಪ್ರಯೋಗಾಲಯದಲ್ಲಿ ದೀಪ ಉರಿಯುವುದಾದರೆ ಉರಿಯಲಿ. ನಾರಿಗೂ ಬೀಜಕ್ಕೂ ಬೆಳೆಯುವ ರೈತನನ್ನು ಮಾತ್ರ ಬಯಲಿನಲ್ಲೇ, ಎಲ್ಲರ ಕಣ್ಣೆದುರಿನಲ್ಲೇ ಇರಗೊಡಬೇಕು. ಅಳತೆಯ ಗೆರೆ ಎಳೆಯುವವರು ಒಟ್ಟಾವದ ಪುಸ್ತಕವನ್ನು ತೆರೆಯುವ ಮೊದಲು ನಮ್ಮ ಗುಡ್ಡಗಳ ಗಿಡವನ್ನು ನಮ್ಮ ಮಣ್ಣಿನಲ್ಲೇ ಬೆಳೆಸಿ ಅಳೆಯಲಿ. ಇದನ್ನು ಅಲ್ಲಗಳೆಯುವವರಿದ್ದರೆ ಕಾರಣ ಸಹಿತ ಬರೆಯಲಿ. ಓದಿ ಉತ್ತರಿಸಲು ನಿವೃತ್ತ ಮೇಷ್ಟರಿಗೆ ಬೇಕಾದಷ್ಟು ಬಿಡುವಿದೆ.