ಸೈಕಲ್ಲಿಗೆ ದಾರಿ ಯಾವುದು?

ಪುಣೆಯನ್ನು ಒಂದು ಕಾಲದಲ್ಲಿ ‘ಸೈಕಲ್ಲುಗಳ ನಗರ’ ಎಂದು ಕರೆಯುತ್ತಿದ್ದರು. ಕಾರ್ಖಾನೆಯ ಕಾರ್ಮಿಕ, ಕಾಲೇಜಿನ ವಿದ್ಯಾರ್ಥಿ, ಕಚೇರಿಯ ಗುಮಾಸ್ತ, ಇವರೆಲ್ಲರೂ ಸೈಕಲ್ಲನ್ನೇ ನೆಚ್ಚಿದ್ದರು. ಉದ್ಯೋಗವನ್ನರಸಿ ಕನ್ನಡನಾಡಿನಿಂದ ಬಂದು ಇಲ್ಲಿ ನೆಲೆನಿಂತವರಿಗೂ ಅದೇ ಆಧಾರವಾಗಿತ್ತು. ಇಂದು ಆ ಸ್ಥಾನವನ್ನು ಸ್ಕೂಟರುಗಳೂ ಕಾರುಗಳೂ ಆಕ್ರಮಿಸಿವೆ. ಅಳಿದುಳಿದ ಸೈಕಲ್ ಸವಾರನು ರಸ್ತೆಯ ಅಂಚಿಗೆ ಸರಿದು ಸರಿದು, ಕೊನೆಗೆ ಜೀವಭಯದಿಂದ ಫುಟ್‌ಪಾತನ್ನು ಏರುತ್ತಾನೆ. ಅಲ್ಲಿ ಅವನಿಗೆ ಎದುರಾಗುವವರು, ಊರಿನಿಂದ ಮಗನ ಮನೆಗೆ ಬಂದು, ವೈದ್ಯರ ಸಲಹೆಯಂತೆ ಮುಂಜಾನೆ ನಡೆಯಲು ಹೊರಟ ವೃದ್ಧ ತಂದೆತಾಯಿಗಳು. ಈ ದಾರಿ ಇವರಲ್ಲಿ ಯಾರಿಗೆ ಸೇರಿದ್ದು?

ಭಾವನೆಯನ್ನು ಬದಿಗಿಟ್ಟು ನೋಡಿದರೆ ಉತ್ತರ ಸ್ಪಷ್ಟವಾಗಿದೆ. ನಡೆಯುವವನ ವೇಗ ಗಂಟೆಗೆ ಸುಮಾರು 5 ಕಿಲೋಮೀಟರು. ಸಾಧಾರಣ ಸೈಕಲ್ ಸವಾರನದು ಸುಮಾರು 15. ವೇಗ ಮೂರು ಪಟ್ಟಾದರೆ ಅದೇ ತೂಕದ ವಸ್ತುವಿನ ಚಲನಶಕ್ತಿ ಒಂಬತ್ತು ಪಟ್ಟಾಗುತ್ತದೆ. ಸೈಕಲ್ಲು ಸದ್ದಿಲ್ಲದೆ ಹಿಂದಿನಿಂದ ಬರುತ್ತದೆ. ಕಿವಿ ಮಂದವಾದವರಿಗೆ ಗಂಟೆಯ ನಾದವೂ ಕೇಳಿಸದು. ತರುಣನೊಬ್ಬ ಬಿದ್ದರೆ ಮೊಣಕಾಲು ತರಚೀತು. ಮೂಳೆಗಳು ಟೊಳ್ಳಾದ ವೃದ್ಧೆ ಬಿದ್ದರೆ ಸೊಂಟದ ಕೀಲಿನ ಬಳಿ ತೊಡೆಯ ಮೂಳೆಯೇ ಮುರಿಯಬಹುದು. ಅನಂತರ ಶಸ್ತ್ರಚಿಕಿತ್ಸೆ, ಹಾಸಿಗೆಹುಣ್ಣು, ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವ ಭೀತಿ ಒಂದರ ಹಿಂದೊಂದು ಬರುತ್ತವೆ. ಒಮ್ಮೆ ಹೀಗೆ ಬಿದ್ದವರಲ್ಲಿ ಎಷ್ಟೋ ಜನ ಮತ್ತೆ ಮನೆಯ ಹೊಸ್ತಿಲು ದಾಟಲು ಅಂಜುತ್ತಾರೆ.

ಫುಟ್‌ಪಾತು ಸವಾರನಿಗೂ ಅಭಯಸ್ಥಾನವಲ್ಲ. ಪ್ರತಿಯೊಂದು ಕಟ್ಟಡದ ಗೇಟಿನಿಂದ ಹೊರಬರುವ ಕಾರಿನ ಚಾಲಕನು ಅಲ್ಲಿ ನಿಧಾನವಾಗಿ ನಡೆಯುವವರನ್ನು ನಿರೀಕ್ಷಿಸುತ್ತಾನೆಯೇ ಹೊರತು ವೇಗವಾಗಿ ಬರುವ ಸೈಕಲ್ಲನ್ನಲ್ಲ. ಫುಟ್‌ಪಾತು ಮುಗಿದು ಅಡ್ಡರಸ್ತೆ ಬಂದಾಗ ಸವಾರನು ಒಮ್ಮೆಲೇ ವಾಹನಗಳ ನಡುವೆ ಪ್ರತ್ಯಕ್ಷನಾಗುತ್ತಾನೆ. ರಸ್ತೆಯ ಮೇಲೆ ಮೊದಲಿನಿಂದಲೂ ಕಣ್ಣಿಗೆ ಬೀಳುತ್ತಿದ್ದರೆ ಈ ಅಪಾಯ ಕಡಿಮೆ.

ಇತರ ದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಇಂಗ್ಲೆಂಡಿನಲ್ಲಿ 1835ರ ಹೆದ್ದಾರಿ ಕಾನೂನಿನ ಬಲದಿಂದಲೇ ಫುಟ್‌ಪಾತಿನ ಮೇಲೆ ಸೈಕಲ್ ಸವಾರಿ ನಿಷಿದ್ಧ. ಜಪಾನಿನಲ್ಲಿ ಸೈಕಲ್ಲು ರಸ್ತೆಯಲ್ಲೇ ಸಾಗಬೇಕೆಂಬುದು ಸಾಮಾನ್ಯ ನಿಯಮ. ಆದರೆ 13 ವರ್ಷದೊಳಗಿನ ಮಕ್ಕಳಿಗೂ 70 ದಾಟಿದ ಹಿರಿಯರಿಗೂ ವಿನಾಯಿತಿಯುಂಟು. ಈ ವಿವೇಕ ಅನುಕರಣೀಯ. ಎಳೆಯ ಮಗುವನ್ನು ಲಾರಿಗಳ ನಡುವೆ ದೂಡುವುದು ಯಾವ ನ್ಯಾಯ?

ಇಷ್ಟಕ್ಕೇ ತೀರ್ಪು ಮುಗಿಯಿತೆಂದು ಹೇಳಿದರೆ ಸೈಕಲ್ ಸವಾರನಿಗೆ ಅನ್ಯಾಯವಾದೀತು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಜನ; ಅವರಲ್ಲಿ ಪಾದಚಾರಿಗಳೇ ಮೂವತ್ತೆರಡು ಸಾವಿರಕ್ಕೆ ಮಿಕ್ಕಿದ್ದರು, ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಹೆಚ್ಚು. ಸೈಕಲ್ ಸವಾರನು ಫುಟ್‌ಪಾತನ್ನೇರುವುದು ಉದ್ಧಟತನದಿಂದಲ್ಲ, ಪ್ರಾಣರಕ್ಷಣೆಗಾಗಿ. ಮುಂಜಾನೆ ಹಾಲು ಹಂಚುವವನಿಗೂ ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರನಿಗೂ ಬೇರೆ ವಾಹನವಿಲ್ಲ. ಅವರನ್ನು ಕೆಳಗಿಳಿಯಿರೆಂದು ಹೇಳುವ ಸಮಾಜವು, ಇಳಿದ ಮೇಲೆ ಅವರಿಗೊಂದು ಜಾಗವನ್ನೂ ಕೊಡಬೇಕು.

ಪುಣೆಯಲ್ಲಿ ಅಂಥ ಪ್ರಯತ್ನ ನಡೆಯದೆ ಇಲ್ಲ. 2006ರಲ್ಲಿ ಆರಂಭವಾದ ಕಾತ್ರಜ್–ಸ್ವಾರಗೇಟ್–ಹಡಪ್ಸರ್ ಬಸ್ ಪಥದ ಜತೆಗೆ ಸೈಕಲ್ ಪಥಗಳೂ ಬಂದವು. 2017ರಲ್ಲಿ ನಗರಕ್ಕೊಂದು ಸಮಗ್ರ ಸೈಕಲ್ ಯೋಜನೆಯೂ ಸಿದ್ಧವಾಯಿತು. ಆದರೆ ಪಥವೊಂದನ್ನು ಹಾಕಿದರೆ ಸಾಲದು. ಅದು ತುಂಡುತುಂಡಾಗಿರಬಾರದು, ಅದರ ಮೇಲೆ ವಾಹನ ನಿಲ್ಲಬಾರದು. ಫುಟ್‌ಪಾತು ಮತ್ತು ಸೈಕಲ್ ಪಥಗಳ ಮೇಲೆ ಮೋಟಾರು ವಾಹನ ಓಡಿಸುವುದು 2017ರ ಕೇಂದ್ರ ಚಾಲನಾ ನಿಯಮಗಳ ಪ್ರಕಾರ ತಪ್ಪು. ಪ್ರತ್ಯೇಕ ಪಥಕ್ಕೆ ಸ್ಥಳವಿಲ್ಲದ ಬೀದಿಗಳಲ್ಲಿ ವೇಗವನ್ನಾದರೂ ತಗ್ಗಿಸಬೇಕು. ಪಾದಚಾರಿಗಳೂ ಸೈಕಲ್ಲುಗಳೂ ವಾಹನಗಳೊಡನೆ ಬೆರೆಯುವಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿ ಇರಬೇಕೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಸಾರಿದೆ.

ಆರೋಗ್ಯದೃಷ್ಟಿಯಿಂದಲೂ ಇದು ಸಣ್ಣ ವಿಷಯವಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾರಕ್ಕೆ ಐದು ದಿನ, ಹೋಗುವಾಗ ಕಾಲು ಗಂಟೆ, ಬರುವಾಗ ಕಾಲು ಗಂಟೆ ಸೈಕಲ್ ತುಳಿದವನಿಗೆ ಆ ಲೆಕ್ಕ ಸರಿಯಾಗಿ ತುಂಬುತ್ತದೆ. ಮಧುಮೇಹ, ರಕ್ತದೊತ್ತಡಗಳು ಮನೆಮನೆಯ ಮಾತಾಗಿರುವಾಗ, ನಡೆಯುವವರನ್ನೂ ತುಳಿಯುವವರನ್ನೂ ಬೀದಿಯಿಂದ ಓಡಿಸುವ ನಗರವು ತನ್ನ ಆಸ್ಪತ್ರೆಗಳನ್ನು ತಾನೇ ತುಂಬಿಸಿಕೊಳ್ಳುತ್ತದೆ.

ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬ ಗಾದೆ ಇಲ್ಲಿ ಸಲ್ಲುತ್ತದೆ. ಪಾದಚಾರಿಯೂ ಸೈಕಲ್ ಸವಾರನೂ ಕೈಯಗಲದ ಫುಟ್‌ಪಾತಿಗಾಗಿ ಕಾದಾಡುತ್ತಿರುವಾಗ, ಪಕ್ಕದ ರಸ್ತೆಯ ಬಹುಪಾಲನ್ನು ನಿಂತ ಕಾರುಗಳೂ ಓಡುವ ಕಾರುಗಳೂ ನುಂಗಿರುತ್ತವೆ. ಫುಟ್‌ಪಾತು ಕಾಲಿಗೆ, ರಸ್ತೆ ಗಾಲಿಗೆ. ಆದರೆ ಸೈಕಲ್ಲಿನದೂ ಗಾಲಿಯೇ ಎಂಬುದನ್ನು ಮರೆಯಲಾಗದು. ವಿಧಿಯಿಲ್ಲದೆ ಫುಟ್‌ಪಾತನ್ನೇರಿದ ಸವಾರನು ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯಲಿ. ಒಂದು ಕಾಲಕ್ಕೆ ಸೈಕಲ್ ತುಳಿದು ಸಂಸಾರ ಕಟ್ಟಿ, ಇಂದು ಕಾರಿನಲ್ಲಿ ಸಂಘದ ಸಮಾರಂಭಕ್ಕೆ ಬರುವವರು, ಆ ಕಾರನ್ನು ಫುಟ್‌ಪಾತಿನ ಮೇಲೆ ನಿಲ್ಲಿಸದಿರಲಿ. ಸುಧಾರಣೆಗೆ ಅಷ್ಟಾದರೂ ಮೊದಲಾಗಲಿ.