ಏರಿಯ ಮೇಲಿನ ನಡಿಗೆ

ನನ್ನ ಅತ್ತೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಮುಕ್ಕಾಲು ಗಂಟೆಯಾದರೂ ನಡೆಯಲೇಬೇಕೆಂದು ವೈದ್ಯರು ಹೇಳಿದಾಗ ಮನೆಯಲ್ಲಿ ಎದ್ದ ಪ್ರಶ್ನೆ ಒಂದೇ: ಎಲ್ಲಿ ನಡೆಯುವುದು? ಜರಗನಹಳ್ಳಿಯ ಕನಕಪುರ ರಸ್ತೆ ದಾಟುವುದೇ ಒಂದು ಸಾಹಸ. ಒಳರಸ್ತೆಗಳಲ್ಲಿ ನಿಲ್ಲಿಸಿದ ಗಾಡಿಗಳು, ಅಗೆದು ಬಿಟ್ಟ ಗುಂಡಿಗಳು, ಬೀದಿನಾಯಿಗಳು. ಬುರ್ಖಾ ತೊಟ್ಟ ಅರುವತ್ತೆಂಟರ ಹೆಂಗಸು ಬೆಳಗಿನ ನಸುಕಿನಲ್ಲಿ ಅಲ್ಲಿ ನಡೆಯುವುದಾದರೂ ಹೇಗೆ? ಕೊನೆಗೆ ಸಾರಕ್ಕಿ ಕೆರೆಯೇ ಗತಿಯಾಯಿತು. ಫಜ್ರ್ ನಮಾಝ್ ಮುಗಿಸಿ ಒಂದು ಲೋಟ ಚಹಾ ಕುಡಿದು ಹೊರಟರೆ, ಬಿಸಿಲೇರುವ ಮೊದಲು ಒಂದು ಸುತ್ತು ಮುಗಿಯುತ್ತದೆ.

ನಡೆಯುವ ದಾರಿಗಳಿಗೂ ಒಂದು ಹಿಂದಿನ ಜನ್ಮ ಇರುತ್ತದೆ. ಅಮೆರಿಕದ ವಾಷಿಂಗ್ಟನ್ ನಗರದಿಂದ ಕಂಬರ್ಲ್ಯಾಂಡ್ ಎಂಬ ಊರಿನವರೆಗೆ ಚೆಸಪೀಕ್ ಅಂಡ್ ಒಹಾಯೋ ಎಂಬ ಕಾಲುವೆಯಿದೆ. 1828ರಲ್ಲಿ ಅಗೆಯಲು ತೊಡಗಿ 1850ರಲ್ಲಿ ಮುಗಿಸಿದರು. ಉದ್ದ ಸುಮಾರು 297 ಕಿಲೋಮೀಟರ್. ಅದರಲ್ಲಿ ಸಾಗುತ್ತಿದ್ದ ಕಲ್ಲಿದ್ದಲಿನ ದೋಣಿಗಳಿಗೆ ಹಗ್ಗ ಕಟ್ಟಿ, ದಡದಲ್ಲಿ ನಡೆಯುವ ಹೇಸರಗತ್ತೆಗಳಿಂದ ಎಳೆಸುತ್ತಿದ್ದರು. ಹಾಗೆ ಎಳೆಯಲೆಂದೇ ನೀರಿನ ಪಕ್ಕದಲ್ಲಿ ಒಂದು ಮಣ್ಣಿನ ಹಾದಿ ಮಾಡಿದ್ದರು. ರೈಲು ಬಂದ ಮೇಲೆ ದೋಣಿಯ ವ್ಯಾಪಾರ ಸೊರಗಿತು. 1924ರ ಪ್ರವಾಹದ ನಂತರ ಕಾಲುವೆ ಮುಚ್ಚಿಯೇ ಹೋಯಿತು.

ಮುಂದೆ ಅಲ್ಲಿ ವಾಹನಗಳ ರಸ್ತೆ ಮಾಡುವ ಯೋಜನೆ ಬಂತು. ಒಂದು ದೊಡ್ಡ ಪತ್ರಿಕೆ ಅದನ್ನು ಬೆಂಬಲಿಸಿ ಸಂಪಾದಕೀಯವನ್ನೂ ಬರೆಯಿತು. ಆಗ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ವಿಲಿಯಂ ಡಗ್ಲಸ್ ಆ ಸಂಪಾದಕರಿಗೆ, ನನ್ನ ಜೊತೆ ಈ ದಾರಿಯನ್ನು ನಡೆದು ನೋಡಿ, ಆಮೇಲೆ ಬರೆಯಿರಿ ಎಂದು ಸವಾಲು ಹಾಕಿದರು. 1954ರ ಮಾರ್ಚ್‌ನಲ್ಲಿ ಎಂಟು ದಿನಗಳ ನಡಿಗೆ ನಡೆಯಿತು. ಹೊರಟವರು ಹಲವರು, ಇಡೀ ದಾರಿ ನಡೆದವರು ಒಂಬತ್ತೇ ಮಂದಿ! ಆದರೆ ರಸ್ತೆಯ ಯೋಜನೆ ಹಿಂದೆ ಸರಿಯಿತು. 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಹೇಸರಗತ್ತೆಗಳು ನಡೆದ ಹಾದಿಯಲ್ಲಿ ಇಂದು ಮಕ್ಕಳು ಸೈಕಲ್ ತುಳಿಯುತ್ತಾರೆ.

ಬೆಂಗಳೂರಿನ ಕಾಲುವೆಗಳಲ್ಲಿ ದೋಣಿ ಓಡಲಿಲ್ಲ. ದಿಣ್ಣೆಯ ಮೇಲೆ ಕುಳಿತ ಊರಿದು, ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಹಿಂದಿನವರು ಇಳಿಜಾರಿನುದ್ದಕ್ಕೂ ಕೆರೆ ಕಟ್ಟಿ, ಒಂದರ ಕೋಡಿ ಹರಿದರೆ ನೀರು ರಾಜಕಾಲುವೆಯ ಮೂಲಕ ಮುಂದಿನ ಕೆರೆಗೆ ಸೇರುವಂತೆ ಮಾಡಿದ್ದರು. ಇಲ್ಲಿ ಏರಿಯ ಮೇಲೆ, ಕಾಲುವೆಯ ಅಂಚಿನಲ್ಲಿ ನಡೆಯುತ್ತಿದ್ದವನು ನೀರಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಗದ್ದೆಗಳು ಬಡಾವಣೆಗಳಾದ ಮೇಲೆ ನೀರಗಂಟಿಗೆ ಕೆಲಸವಿಲ್ಲ, ರಾಜಕಾಲುವೆ ‘ಮೋರಿ’ಯಾಯಿತು. ಅಂತಹ ಒಂದು ಮೋರಿಯನ್ನು ಮತ್ತೆ ಜನ ನಡೆಯುವ ದಾರಿ ಮಾಡಬೇಕೆಂದು ಕೋರಮಂಗಲ ಕಣಿವೆಯ ರಾಜಕಾಲುವೆಯಲ್ಲಿ 2021ರಲ್ಲಿ ಕೆ-100 ಎಂಬ ಕಾಮಗಾರಿ ಶುರುವಾಯಿತು. ದಡದಲ್ಲಿ ಕಲ್ಲು ಹಾಸಿ ಗಿಡ ನೆಡುವುದು ಸುಲಭ. ಮೇಲಿನ ಮನೆಗಳ ಕೊಳಚೆ ಕಾಲುವೆಗೆ ಸೇರದಂತೆ ತಡೆಯುವುದೇ ಕಷ್ಟದ ಕೆಲಸ. ಮೂಗು ಮುಚ್ಚಿಕೊಂಡು ಯಾರು ವಾಯುವಿಹಾರ ಮಾಡುತ್ತಾರೆ, ಹೇಳಿ?

ಸಾರಕ್ಕಿ ಕೆರೆಯ ಕಥೆ ಬೇರೆ. ದಾಖಲೆಯಲ್ಲಿ ಅದು 82 ಎಕರೆಗೂ ಹೆಚ್ಚು. ಅದರಲ್ಲಿ ಮೂವತ್ತು ಎಕರೆಗೂ ಹೆಚ್ಚು ಜಾಗ ಒತ್ತುವರಿಯಾಗಿತ್ತು. ಹೈಕೋರ್ಟಿನ ಆದೇಶದಂತೆ 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಯಂತ್ರಗಳನ್ನು ತಂದು ತೆರವು ಮಾಡಿತು. ಆಮೇಲೆ ಬೇಲಿ ಬಂತು, ನಡೆಯುವ ದಾರಿ ಬಂತು. ನಮಗೆಲ್ಲ ಸಂತೋಷವಾಯಿತು.

ಹೋದ ಚಳಿಗಾಲದಲ್ಲಿ ಒಂದು ದಿನ ಅತ್ತೆಗೆ ಕಾಲು ನೋವೆಂದು ಕಲ್ಲುಬೆಂಚಿನ ಮೇಲೆ ಕುಳಿತೆವು. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕುಳಿತಿದ್ದಳು. ಮಾತಿಗೆ ಮಾತು ಬೆಳೆಯಿತು. ಬೇಲಿಯ ಒಳಗಿನ ಹೊಂಗೆ ಗಿಡವೊಂದನ್ನು ತೋರಿಸಿ ಆಕೆ ಹೇಳಿದಳು: “ಅಲ್ಲೇ ನಮ್ಮ ಅಡುಗೆಮನೆ ಇತ್ತು ಕಣಮ್ಮ.”

ಗಂಡ ಗಾರೆ ಕೆಲಸದವನು. ಚೀಟಿ ಹಣ, ಒಡವೆ ಎಲ್ಲ ಸೇರಿಸಿ ಇಪ್ಪತ್ತು ಮೂವತ್ತರ ಸೈಟು ಕೊಂಡಿದ್ದರಂತೆ. ಕರೆಂಟು ಬಂದಿತ್ತು, ಕಂದಾಯದ ರಸೀದಿಗಳಿದ್ದವು. ಮಾರಿದವನು, ಇದು ಕೆರೆಯ ಜಾಗ ಎಂದು ಹೇಳಿರಲಿಲ್ಲ. ಯಂತ್ರ ಬಂದ ದಿನ ಪಾತ್ರೆಗಳನ್ನು ಮಾತ್ರ ಹೊರಗೆ ತರಲು ಸಾಧ್ಯವಾಯಿತು. ಹಣ ಎಣಿಸಿಕೊಂಡವನು ಅಷ್ಟರಲ್ಲಿ ಬೇರೆಲ್ಲೋ ಇದ್ದ.

“ಕೆರೆ ಉಳಿಯಬಾರದಿತ್ತು ಅಂತ ನಾನು ಹೇಳಲ್ಲ” ಎಂದಳು. “ನಮಗೆ ಮೊದಲೇ ಯಾರಾದರೂ ಹೇಳಬೇಕಿತ್ತು.”

ನನಗೆ ಉತ್ತರ ಹೊಳೆಯಲಿಲ್ಲ. ಕೆರೆ ತೆರವಾದಾಗ ಸಂಭ್ರಮಪಟ್ಟವರಲ್ಲಿ ನಾನೂ ಒಬ್ಬಳು. ಈಗಲೂ ಆ ತೆರವು ತಪ್ಪೆಂದು ನನಗನಿಸುವುದಿಲ್ಲ. ಆದರೆ ಮಾರಿದವನ ತಪ್ಪಿಗೆ ಕೊಂಡವಳು ದಂಡ ತೆತ್ತದ್ದು ಯಾವ ನ್ಯಾಯ?

ನಮ್ಮ ಹೆಣ್ಣುಮಕ್ಕಳ ಒಡವೆಗಳು ಸೈಟಾಗುವುದು ನಮ್ಮ ಮನೆಗಳಲ್ಲೂ ನಡೆಯುತ್ತದೆ. ಹಾಗಾಗಿ ಒಂದು ಮಾತು. ಋಣಭಾರ ಪತ್ರ, ಅಂದರೆ ‘ಇ.ಸಿ.’, ಸರಿಯಿದ್ದರೆ ಸಾಕು ಎಂದು ತಿಳಿಯಬೇಡಿ. ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಕಾಣುತ್ತವೆಯೇ ಹೊರತು ಆ ನೆಲ ಕೆರೆಯೋ ಕಾಲುವೆಯೋ ಎಂಬುದು ಕಾಣುವುದಿಲ್ಲ. ಸರ್ವೆ ನಂಬರು ಕೇಳಿ ಪಡೆಯಿರಿ. ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ಕಾಲುವೆ, ಬಂಡಿದಾರಿ ಎಲ್ಲವೂ ಗುರುತಾಗಿರುತ್ತವೆ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಅದು ಸಾರ್ವಜನಿಕ ಉಪಯೋಗದ ಜಾಗ, ಯಾರೂ ಮಾರುವಂತಿಲ್ಲ. ಸರಕಾರದ ‘ದಿಶಾಂಕ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ, ನೀವು ನಿಂತ ಜಾಗ ಯಾವ ಸರ್ವೆ ನಂಬರಿನದೆಂದು ನೋಡಬಹುದು. ಗಂಡಸರು ನೋಡಿಕೊಳ್ಳುತ್ತಾರೆ ಎಂದು ಬಿಡಬೇಡಿ. ಬಳೆ ಬಿಚ್ಚಿಕೊಡುವ ಮುನ್ನ ನಕ್ಷೆ ನೋಡುವ ಹಕ್ಕು ನಿಮಗಿದೆ.

ಆ ದಿನ ಹೊರಡುವಾಗ ಅತ್ತೆ, “ನಾಳೆಯೂ ಬರ್ತೀಯೇನಮ್ಮ?” ಎಂದು ಆಕೆಯನ್ನು ಕೇಳಿದರು. “ಬರ್ತೀನಿ ಅಮ್ಮ, ನನಗೂ ಶುಗರ್ ಇದೆಯಲ್ಲ” ಎಂದಳು. ಈಗ ನಾವು ಮೂವರು. ಹೊಂಗೆ ಗಿಡದ ಬಳಿ ಬಂದಾಗ ಆಕೆ ಒಂದು ಗಳಿಗೆ ನಿಲ್ಲುತ್ತಾಳೆ. ಅತ್ತೆಯೂ ಕಾಲು ನೋವೆಂದು ನೆಪ ಹೇಳಿ ಅಲ್ಲೇ ನಿಲ್ಲುತ್ತಾರೆ.